ಅರ್ಧ ಮಳೆಯ ಊರು

ಜುಲೈ ೮, ಬುಧವಾರ

ಸೋಮವಾರದ ಪುಟದಲ್ಲಿ ‘ಆಫೀಸು, ಎಂದಿನಂತೆ’ ಎಂದಷ್ಟೇ ಬರೆದಿದ್ದೆ. ಬರೆಯದೆ ಬಿಟ್ಟದ್ದು: ಮುಖವನ್ನೇ ಕಾಣದ ಒಬ್ಬ ಮನುಷ್ಯನನ್ನು ಕೆಲಸದಿಂದ ತೆಗೆಯಿರಿ ಎಂದು ಅವತ್ತು ಟಿಪ್ಪಣಿ ತಯಾರು ಮಾಡಿದೆ. ಇನ್ನೂ ಕಳಿಸಿಲ್ಲ. ಇಲ್ಲೂ ಹೇಳದೆ ಇದ್ದುಬಿಡೋಣ ಅನ್ನಿಸಿತ್ತು… ಡೈರಿಗೂ ಮುಚ್ಚಿಟ್ಟರೆ ಹೇಗೆ?

ನಮ್ಮ ಹವಾಮಾನ ಆಫೀಸಿನ, ಇಡೀ ದೇಶದ ಮಳೆ ಅಟ್ಲಾಸ್ ಆಗಸ್ಟ್ ಹತ್ತಕ್ಕೆ ಅಚ್ಚಿಗೆ ಹೋಗಬೇಕು. ನಕ್ಷೆಯಲ್ಲಿ ಕಡಲಿಗೆ ಮುಖ ಮಾಡಿದ ಬೆಟ್ಟಸಾಲು ಕಡುನೀಲಿ, ಭಾರಿ ಮಳೆ. ಬೆಟ್ಟದ ಬೆನ್ನಿಗೆ ಹಳದಿ, ಕಡಿಮೆ. ಒಳನಾಡು ಕಂದು. ದಕ್ಷಿಣದ ತುದಿಗೆ ಎಲ್ಲರ ಮಳೆ ಮುಗಿದ ಮೇಲೆ ಮಳೆ. ಎಲ್ಲ ಸರಿ — ಕಡುನೀಲಿಯ ನಡುವಿನ ಒಂದು ಹಳದಿ ಚುಕ್ಕೆ ಬಿಟ್ಟು. ಬೆಟ್ಟದ ಬುಡದ ಒಂದು ಡಿಸ್ಪೆನ್ಸರಿಯ ಅಂಗಳದ ಮಳೆಮಾಪಕ. ಅಕ್ಕಪಕ್ಕದ ಕೇಂದ್ರಗಳಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ., ಅಲ್ಲಿ ಒಂದೂವರೆ ಸಾವಿರ. ಒಂಬತ್ತು ವರ್ಷದಿಂದ. ಹಿಂದೊಮ್ಮೆ ನಾನೇ ಅದಕ್ಕೆ ‘ಸ್ಥಳೀಯ ಮಳೆನೆರಳು’ ಎಂದು ಕಾರಣ ಬರೆದು ಶಹಬಾಸ್ ಅನ್ನಿಸಿಕೊಂಡಿದ್ದೆ. ಈಗ ಅದನ್ನು ನಂಬುತ್ತಿಲ್ಲ.

ಅಳೆಯುವವನು ಅಲ್ಲಿನ ನಿವೃತ್ತ ಕಾಂಪೌಂಡರ್. ಅಳೆಯದೆ, ಕೂತಲ್ಲೇ ಬರೆಯುತ್ತಾನೆ. ಅದೇ ನನ್ನ ಅನುಮಾನ.

ಜುಲೈ ೯, ಬೆಳಿಗ್ಗೆ ೭

ಹಾಲು ಕಾಯಿಸುತ್ತಾ ಅತ್ತೆ: “ಹಾಲಿನವನ ಮೇಲೆ ಅನುಮಾನ, ಪೇಪರಿನವನ ಮೇಲೆ ಅನುಮಾನ. ಈಗ ಮೋಡದ ಮೇಲೂ ಶುರುವಾಯ್ತಾ?”

“ಮೋಡದ ಮೇಲಲ್ಲ ಅತ್ತೆ, ಅಳೆಯೋನ ಮೇಲೆ.”

“ಹೋಗಿ ನೋಡಬಾರದೇನೇ? ಮದುವೆಗೆ ಮುಂಚೆ ನನ್ನ ಮಗನ್ನೇ ಮೂರು ಸಲ ಪರೀಕ್ಷೆ ಮಾಡಿದೋಳು ನೀನು!”

ಸಂಜೆ: ಆ ಕೇಂದ್ರದ ಮಳೆಪಟ್ಟಿ ಮತ್ತೆ ತೆಗೆದೆ. ಸೋಮಾರಿಯ ಸುಳ್ಳು ಚೆಲ್ಲಾಪಿಲ್ಲಿಯಾಗಿರಬೇಕು. ಇವನದು ಪ್ರತಿ ವರ್ಷವೂ ಪಕ್ಕದವರ ಅರ್ಧ. ಇಷ್ಟು ಶಿಸ್ತಿನ ಸುಳ್ಳೇ?

ಜುಲೈ ೧೫, ಬುಧವಾರ

ಹೇಳದೆ ಕೇಳದೆ ಹೋದೆ. ಎಂಟೂಕಾಲಿಗೆ ತಲುಪಿದರೆ ಮುದುಕ ಕೊಡೆ ಹಿಡಿದು ಅಂಗಳದಲ್ಲಿ ನಿಂತಿದ್ದಾನೆ, ಕಣ್ಣು ಗಡಿಯಾರದ ಮೇಲೆ. ನಾನು ಬರುವುದು ಯಾರೋ ತಿಳಿಸಿರಬೇಕು.

“ಇನ್ನೂ ಟೈಮ್ ಆಗಿಲ್ಲ ಮೇಡಂ. ಎಂಟೂವರೆ ಅಂದ್ರೆ ಎಂಟೂವರೆ.”

ಮಳೆ ಬರೆಯುವ ಪುಸ್ತಕ ನೋಡಿದೆ. ಒಂದೂ ಚಿತ್ತಿಲ್ಲ. ಮತ್ತೆ ಅನುಮಾನ. “ಇಷ್ಟು ಕ್ಲೀನಾಗಿದೆಯಲ್ಲ?”

“ಡಾಕ್ಟರ್ ಬರೆದಿದ್ದನ್ನ ಜನಕ್ಕೆ ಓದಿ ಹೇಳಿದೋನು ಮೇಡಂ ನಾನು. ನನ್ನ ಅಕ್ಷರಾನೂ ಹಾಗೇ ಆದ್ರೆ ರೋಗಿ ಉಳೀತಾನಾ?”

ನನ್ನೆದುರೇ ಅಳೆಯಲು ಹೇಳಿದೆ. ಮಾಪಕದ ನೀರನ್ನು ಅಳತೆಯ ಗ್ಲಾಸಿಗೆ ಸುರಿದ. ಸೊಂಟ ಬಗ್ಗಿಸಿ, ನೀರಿನ ಮಟ್ಟಕ್ಕೆ ಕಣ್ಣು ತಂದು, ಉಸಿರು ಬಿಗಿಹಿಡಿದು ಓದಿದ. “ಏಳು ಪಾಯಿಂಟ್ ನಾಲ್ಕು.” ಗ್ಲಾಸು ಕೈಗೆ ತೆಗೆದುಕೊಂಡೆ. ತಳದಲ್ಲಿ ಕೊರೆದಿತ್ತು: ೨೦೦ ಚ.ಸೆಂ.ಮೀ. ಮಾಪಕದ ಬಾಯಂಚಿನಲ್ಲಿ: ೧೦೦ ಚ.ಸೆಂ.ಮೀ.

ಅಗಲ ಬಾಯಿಯ ಮಾಪಕಕ್ಕೆ ಮಾಡಿದ ಗ್ಲಾಸು. ಈ ಸಣ್ಣ ಬಾಯಿಗೆ ಬಳಸಿದರೆ ಬಿದ್ದ ಮಳೆಯ ಅರ್ಧವನ್ನೇ ತೋರಿಸುತ್ತದೆ.

“ಇದು ಎಲ್ಲಿಂದ ಬಂತು?”

“ಹಳೇದು ಒಡೆದಾಗ ನಿಮ್ಮ ಆಫೀಸಿಂದಾನೇ ಬಂತು. ದಪ್ಪ ಇದೆಯಲ್ಲಾ ಅಂತ ಕಾರ್ಡು ಹಾಕಿದ್ದೆ. ಸರಿಯಾಗಿದೆ ಅಂತ ಉತ್ತರ ಬಂತು. ಇಂಗ್ಲಿಷಿನಲ್ಲಿ.” ನಕ್ಕರು. “ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಮುಗೀತಲ್ಲ.”

ಗ್ಲಾಸನ್ನು ಅವರ ಕೈಗೇ ವಾಪಸು ಕೊಟ್ಟು ಬಸ್ಸು ಹತ್ತಿದೆ.

ಜುಲೈ ೧೬

ಆಫೀಸಿನ ಹಳೆಯ ಫೈಲಿನಲ್ಲಿ ಅವರ ಕಾರ್ಡು ಸಿಕ್ಕಿತು. ‘ಹೊಸ ಗ್ಲಾಸು ಹಳೆಯದಕ್ಕಿಂತ ದಪ್ಪ. ದಯವಿಟ್ಟು ಪರಿಶೀಲಿಸಿ.’ ಅದರಡಿ, ನನ್ನ ಕಾನ್ವೆಂಟಿನ ಓರೆ ಅಕ್ಷರದಲ್ಲಿ: ‘ಆಲ್ ಸ್ಟ್ಯಾಂಡರ್ಡ್. ನೋ ಆಕ್ಷನ್.’ ಗ್ಲಾಸು ಕಳಿಸಿದ ರಿಜಿಸ್ಟರಿನಲ್ಲೂ ನನ್ನದೇ ಸಹಿ.

ಜುಲೈ ೨೪, ಶುಕ್ರವಾರ

ಏಳು ದಿನ ಬರೆಯಲಿಲ್ಲ. ಜ್ವರವೇನಿರಲಿಲ್ಲ.

ಇವತ್ತು ಡೈರೆಕ್ಟರಿಗೆ ಎಲ್ಲ ಹೇಳಿದೆ, ಕಳಿಸದ ಟಿಪ್ಪಣಿಯನ್ನೂ ಸೇರಿಸಿ. “ಎರಡರಿಂದ ಗುಣಿಸಿ, ಚುಕ್ಕೆ ಅಳಿಸಿ, ಮುಗೀತು. ಕಾರಣದ ಕಾಲಂನಲ್ಲಿ ‘ಅಳೆಯುವವರ ತಪ್ಪು’ ಅಂತ ಹಾಕಿ. ಟಿಪ್ಪಣಿ ಹೇಗೂ ರೆಡಿ ಇದೆ, ಅವರನ್ನ ಬಿಡಿಸಿಬಿಡೋಣ. ನೀವ್ಯಾಕಮ್ಮ ಹೆಸರು ಕೆಡಿಸ್ಕೋತೀರಿ?”

ಇಷ್ಟೊಂದು ಕಾಳಜಿ ಯಾಕೆ? ಸೀಟಿಗೆ ಬಂದು ರಿಜಿಸ್ಟರ್ ಮತ್ತೆ ನೋಡಿದೆ. ನನ್ನ ಸಹಿಯ ಕೆಳಗೆ ಡೈರೆಕ್ಟರ್ ಸಹಿ.

ಅವರನ್ನು ಬಯ್ಯುವುದು ಸುಲಭ. ಆದರೆ ನಾನು ಅಂದದ್ದು: “ನೋಡ್ತೀನಿ ಸರ್.” ಆಗಲ್ಲ ಅನ್ನಲಿಲ್ಲ.

ಜುಲೈ ೨೬, ಭಾನುವಾರ

ನಿನ್ನೆ ಕಾಂಪೌಂಡರ್ ಕಾರ್ಡು ಬಂತು. ‘ತಾವು ಗ್ಲಾಸಿನ ತಳ ನೋಡಿದ್ದನ್ನು ನೋಡಿದೆ. ಮರುದಿನದಿಂದ ಔಷಧಿ ಅಳೆಯುವ ಗ್ಲಾಸಿನಲ್ಲೂ ಅಳೆದು ಲೆಕ್ಕ ಹಾಕುತ್ತಿದ್ದೇನೆ. ದಿನವೂ ಎರಡರಷ್ಟು ಬರುತ್ತಿದೆ. ಹಾಗಾದರೆ ಒಂಬತ್ತು ವರ್ಷ ತಪ್ಪು ಬರೆದೆನೆ? ತಪ್ಪು ನನ್ನದಾಗಿದ್ದರೆ ನನ್ನ ಹೆಸರು ತೆಗೆದುಹಾಕುವುದು.’

ಅದೇ ಮಾತು. ನನ್ನ ಟಿಪ್ಪಣಿಯದೇ.

ಅಟ್ಲಾಸ್ ಸಮಿತಿಗೆ ಪತ್ರ ಬರೆದೆ, ಕನ್ನಡದಲ್ಲಿ. ಪ್ರತಿ ಕಾಂಪೌಂಡರಿಗೆ. ‘ಗ್ಲಾಸು ಕಳಿಸಿದವಳು ನಾನು. ಅವರು ಕೇಳಿದಾಗ ನೋಡದೆ ಉತ್ತರಿಸಿದವಳೂ ನಾನು. ಅವರು ಒಂದು ದಿನವೂ ತಪ್ಪಿಸದೆ ಅಳೆದಿದ್ದಾರೆ.’ ಟಿಪ್ಪಣಿ ಹರಿದೆ.

ಅತ್ತೆ ಲಕೋಟೆ ನೋಡಿ, “ಯಾರ ಮೇಲೇ ಇದು?” ಅಂದರು.

“ನನ್ನ ಮೇಲೇ.”

“ಹಾಗಾದ್ರೆ ನಾನೇ ಹಾಕಿ ಬರ್ತೀನಿ, ಕೊಡು. ನೀನು ಹಾಕಲ್ಲ.”

ಕೊಡಲಿಲ್ಲ. ಅಟ್ಲಾಸ್ ಅಚ್ಚಿಗೆ ಹೋದ ಮರುದಿನ, ಆಗಸ್ಟ್ ಹನ್ನೊಂದಕ್ಕೆ ಹಾಕಿದರೆ ಪತ್ರ ಹಾಕಿದ ಹಾಗೂ ಆಯಿತು, ಏನೂ ಬದಲಾಗದ ಹಾಗೂ… ಈ ಯೋಚನೆ ಬಂದದ್ದು ನಿಜ. ಅದಕ್ಕೇ ನನ್ನ ಕೈಯನ್ನೇ ನಂಬದೆ ತಾರೀಕು ಇಲ್ಲಿ ಬರೆದಿಡುತ್ತಿದ್ದೇನೆ. ಅಂಚೆಗೆ: ಜುಲೈ ೨೭, ಸೋಮವಾರ, ಆಫೀಸಿಗೆ ಮುಂಚೆ —