ಮೂರು ಮನೆಗೆ ಒಂದೇ ಲೈನು

ಚಾಮರಾಜಪುರಂ, ಮೈಸೂರು
೯ ಜುಲೈ ೨೦೦೬, ಭಾನುವಾರ

ಪ್ರೀತಿಯ ಪ್ರೇಮಾ,

ಹೇಗಿದ್ದೀಯ? ಮಂಡಿನೋವು ಸ್ವಲ್ಪವಾದರೂ ಇಳಿಯಿತೇ? ಮಳೆ ಹಿಡಿದ ಮೇಲಾದರೂ ಔರಾದಿನಲ್ಲಿ ನಲ್ಲಿ ನೀರು ಸರಿಯಾಗಿ ಬರುತ್ತಿದೆಯೋ, ಇಲ್ಲ ಕಾಲೇಜಿನ ಪ್ರಿನ್ಸಿಪಾಲರೂ ಕೊಡ ಹಿಡಿದು ನಿಲ್ಲಬೇಕೋ? ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಆಷಾಢದ ಗಾಳಿಗೆ ನಿನ್ನ ದಾಸವಾಳದ ಗಿಡ ಬಾಗಿತ್ತು, ಕೋಲು ಕೊಟ್ಟು ಕಟ್ಟಿದ್ದೇನೆ. ಫೋನಿದ್ದೂ ಕಾಗದವೇಕೆ ಎನ್ನಬೇಡ. ಫೋನಿನಲ್ಲಿ ನೀನು ‘ಊಟ ಆಯ್ತಾ?’ ಅನ್ನುತ್ತೀಯ, ನಾನು ‘ಆಯ್ತು, ನಿಂದು?’ ಅನ್ನುತ್ತೇನೆ. ಆಮೇಲೆ ಇಬ್ಬರಿಗೂ ಮಾತು ಸಿಗುವುದಿಲ್ಲ. ಬರೆಯುವಾಗ ಹಾಗಲ್ಲ, ನೀನು ಎದುರು ಕುರ್ಚಿಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದೀಯ ಎಂದುಕೊಂಡರೆ ಆಯಿತು.

ಮೇ ತಿಂಗಳಲ್ಲಿ ನಿನ್ನಲ್ಲಿಗೆಂದು ಹೊರಟವನು ಬೆಂಗಳೂರಿನ ಬಸ್ ನಿಲ್ದಾಣದಿಂದಲೇ ಹಿಂದಿರುಗಿದೆನಲ್ಲ, ಆ ವಿಷಯ ಸರಿಯಾಗಿ ಹೇಳಲೇ ಇಲ್ಲ. ‘ಒಂದು ಕೆಲಸ ಬಂದುಬಿಡ್ತು’ ಅಂದೆ, ನೀನು ‘ಸರಿ ಬಿಡಿ’ ಎಂದು ಫೋನ್ ಇಟ್ಟೆ. ಅದನ್ನು ಮೊದಲಿನಿಂದ ಹೇಳುತ್ತೇನೆ, ಕೇಳು.

ನೀನು ಬಡ್ತಿ ಸಿಕ್ಕಿ ಅಲ್ಲಿಗೆ ಹೋದ ಮೇಲೆ ನಾನು ಇಂಟರ್‌ನೆಟ್ ಹಾಕಿಸಿಕೊಂಡದ್ದು ನಿನಗೆ ಗೊತ್ತು. ಅಚ್ಚಿಗೆ ಅಕ್ಷರ ಜೋಡಿಸಿದ ಪುಟಗಳನ್ನು ಪ್ರೆಸ್ಸಿಗೆ ಹೊತ್ತುಕೊಂಡು ಹೋಗುವುದು ತಪ್ಪಲಿ ಎಂದು ಹಾಕಿಸಿದ್ದು. ಮಹಡಿ ಮೇಲಿನ ಬಾಡಿಗೆಯವರು, ಔಷಧಿ ಕಂಪನಿಯ ಪ್ರಸಾದ್ ಮತ್ತು ಅವನ ಹೆಂಡತಿ ಶಾಲಿನಿ, ‘ನಮ್ಗೂ ಒಂದು ವೈರ್ ಎಳ್ಕೊಳ್ಳೋಣ್ವಾ ಸಾರ್?’ ಎಂದು ಕೇಳಿದರು. ಪಕ್ಕದ ಮನೆಯ ದೇವಿರಮ್ಮನವರೂ ಕಾಂಪೌಂಡಿನ ಮೇಲಿಂದ ಕೇಳಿದರು. ಅವರ ಮಗಳು ಲಾಸ್ಯ, ಕಿವಿ ಕೇಳದ ಹುಡುಗಿ, ಸೀರೆ ಅಂಗಡಿಗಳಿಗೆ ಕಸೂತಿಯ ವಿನ್ಯಾಸಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಕೊಡುತ್ತಾಳೆ. ಪ್ರಸಾದನೇ ಒಂದು ಪುಟ್ಟ ಡಬ್ಬಿ ತಂದು ನನ್ನ ಕಂಪ್ಯೂಟರಿಗೆ ಜೋಡಿಸಿ, ನೀಲಿ ವೈರುಗಳನ್ನು ಕಿಟಕಿಯಿಂದ ಒಂದನ್ನು ಮೇಲಕ್ಕೆ, ಒಂದನ್ನು ಸೀಬೆಮರದ ಕೊಂಬೆಗಳ ನಡುವೆ ಪಕ್ಕದ ಮನೆಗೆ ಎಳೆದ. ಒಂದೇ ತೊಡಕು. ನನ್ನ ಕಂಪ್ಯೂಟರ್ ಚಾಲೂ ಇದ್ದರೆ ಮಾತ್ರ ಅವರಿಗೆ ನೆಟ್ ಸಿಗುತ್ತಿತ್ತು. ನಾನು ಆರಿಸಿದರೆ ಮೂರೂ ಮನೆಗೆ ಇಲ್ಲ.

ಪ್ರೇಮಾ, ನೀನಿದ್ದಾಗ ಅಕ್ಕಪಕ್ಕದವರೆಲ್ಲ ನಿನ್ನ ಪಾಲಿಗೆ. ನನಗೆ ಅವರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಈಗ ನೋಡು, ಬೆಳಿಗ್ಗೆ ಸ್ನಾನ ಮುಗಿಸಿ ಇಷ್ಟಲಿಂಗ ಪೂಜೆಗೆ ಕೂರುವ ಮೊದಲೇ ಮೇಲಿಂದ ಶಾಲಿನಿಯ ದನಿ: ‘ಅಂಕಲ್, ಆನ್ ಮಾಡಿದ್ರಾ?’ ಲಾಸ್ಯ ಕೂಗುವಂತಿಲ್ಲ, ಕಿಟಕಿಯ ಮುಂದೆ ಬಂದು ನಿಂತು ಗಾಳಿಯಲ್ಲಿ ಟೈಪು ಮಾಡಿ ತೋರಿಸುತ್ತಿದ್ದಳು. ಕ್ರಮೇಣ ಅವಳಿಂದ ಕೆಲವು ಸನ್ನೆ ಕಲಿತೆ. ಕರೆಂಟು ಹೋಗಿದೆ, ಕಾಫಿ ಆಯಿತೇ, ಊರಿನಿಂದ ಯಾವಾಗ ಬರುತ್ತಾರೆ. ಕೊನೆಯದು ನಿನ್ನ ಬಗ್ಗೆ. ಅದನ್ನು ಅವಳು ಆಗಾಗ ಕೇಳುತ್ತಿದ್ದಳು. ನಾನು ಕೈ ಮೇಲೆತ್ತಿ ‘ಗೊತ್ತಿಲ್ಲ’ ಎಂದು ತೋರಿಸುತ್ತಿದ್ದೆ.

ಅವಳಿಗೆ ನೆಟ್ ಬರೀ ವಿನ್ಯಾಸ ಕಳಿಸಲು ಆಗಿರಲಿಲ್ಲ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಮಂಟೇಸ್ವಾಮಿ ಎಂಬ ಹುಡುಗನಿದ್ದಾನೆ, ಕೊಳ್ಳೇಗಾಲದ ಕಡೆಯವನು, ಅವನಿಗೂ ಕಿವಿ ಕೇಳದು. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಶಾಲೆಯಲ್ಲಿದ್ದವರು. ಸಂಜೆ ಅವನು ಅಲ್ಲಿ ಬ್ರೌಸಿಂಗ್ ಸೆಂಟರಿನಲ್ಲಿ ಕೂತು, ಇವಳು ಇಲ್ಲಿ ಕೂತು, ಬರೆದುಕೊಂಡೇ ಮಾತಾಡುತ್ತಿದ್ದರು. ಇಬ್ಬರ ಬಳಿಯೂ ಮೊಬೈಲ್ ಇರಲಿಲ್ಲ. ಇಂಥ ಸೊಸೆ ಬೇಡವೆಂದು ಅವನ ತಾಯಿ ಹಟ ಹಿಡಿದಿದ್ದರಂತೆ. ಸೊಸೆಗಾದರೂ ಕಿವಿ ಕೇಳಲಿ ಎಂದು ಆಕೆಯ ಆಸೆ.

ನಾನು ನಿನ್ನಲ್ಲಿಗೆ ಹೊರಟ ದಿನವೇ ಅವನು ತಾಯಿಯ ಕೊನೆಯ ತೀರ್ಮಾನವನ್ನು ಅವಳಿಗೆ ತಿಳಿಸಬೇಕಿತ್ತು. ಅದು ನನಗೆ ಗೊತ್ತಿರಲಿಲ್ಲ. ಕಂಪ್ಯೂಟರ್ ಚಾಲೂ ಇಟ್ಟೇ ಮನೆಗೆ ಬೀಗ ಹಾಕಿ ಹೊರಟಿದ್ದೆ. ಮಧ್ಯಾಹ್ನ ಕರೆಂಟು ಹೋಗಿ ಬಂತು. ಎಲ್ಲರ ಮನೆಯ ದೀಪವೂ ಹತ್ತಿತು, ನನ್ನ ಕಂಪ್ಯೂಟರನ್ನು ಹಚ್ಚುವವರಿಲ್ಲ. ಹತ್ತಿರದ ಬ್ರೌಸಿಂಗ್ ಸೆಂಟರಿಗೆ ಭಾನುವಾರದ ರಜೆ. ಔರಾದಿಗೆ ಬರಲು ಬೀದರಿನ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ದೇವಿರಮ್ಮನವರ ಫೋನು ಬಂತು. ‘ಸ್ವಾಮಿ, ಎಲ್ಲಿದ್ದೀರಾ? ನಮ್ ಉಡ್ಗಿ ಊಟ ಬುಟ್ಬುಟ್ಟು ನಿಮ್ಮ ಬಾಗ್ಲಲ್ಲೇ ಕುಂತವ್ಳೆ ಕಣ್ರೀ. ಎಂಗೆ ಸಮಾದಾನ ಮಾಡ್ಲಿ ನಾನು?’ ವಿಷಯವೇನೆಂದು ಆಗ ಹೇಳಿದರು. ಬಸ್ಸು ಬಂದು ನಿಂತಿತ್ತು, ಪ್ರೇಮಾ. ನನ್ನ ಸೀಟಿನ ಕಿಟಕಿ ಕೂಡ ಕಾಣುತ್ತಿತ್ತು. ಒಮ್ಮೆ ಬಸ್ಸನ್ನು, ಒಮ್ಮೆ ಕೈಲಿದ್ದ ಬೀಗದ ಕೈಯನ್ನು ನೋಡಿದೆ. ಆಮೇಲೆ ಮೈಸೂರಿನ ಬಸ್ಸು ಹತ್ತಿದೆ.

ಮನೆ ತಲುಪಿದಾಗ ಕತ್ತಲಾಗುತ್ತಿತ್ತು. ಲಾಸ್ಯ ಮೆಟ್ಟಿಲ ಮೇಲೆಯೇ ಇದ್ದಳು. ಬಾಗಿಲು ತೆಗೆದು ಕಂಪ್ಯೂಟರ್ ಹಚ್ಚಿ, ‘ಇಲ್ಲೇ ಕೂತ್ಕೋ’ ಎಂದು ನನ್ನ ಕುರ್ಚಿ ತೋರಿಸಿದೆ. ಅವಳು ತನ್ನ ಪಾಸ್‌ವರ್ಡ್ ಹಾಕಿದೊಡನೆ, ಮಧ್ಯಾಹ್ನದಿಂದ ಅವನು ಬರೆದದ್ದೆಲ್ಲ ಪರದೆಯ ಮೇಲೆ ಒಂದರ ಕೆಳಗೊಂದು ಬಂತು. ಅವ್ವ ಒಪ್ಪಿದಳು. ಲಾಸ್ಯ, ಅವ್ವ ಒಪ್ಪಿದಳು. ಎಲ್ಲಿದ್ದೀಯ? ಏಕೆ ಸುಮ್ಮನಿದ್ದೀಯ? ಕೊನೆಗೆ, ನಿನಗೇ ಇಷ್ಟವಿಲ್ಲದಿದ್ದರೆ ನಾನು ಇನ್ನು ಬರೆಯುವುದಿಲ್ಲ. ಅದನ್ನು ಓದಿದ್ದೇ ತಡ, ಅವಳು ಅಕ್ಷರ ತಪ್ಪಿದರೂ ಲೆಕ್ಕಿಸದೆ ಅವಸರದಲ್ಲಿ ಟೈಪು ಮಾಡತೊಡಗಿದಳು. ಅವನು ಇನ್ನೂ ಅಲ್ಲೇ ಕೂತಿದ್ದ. ಅವಳು ನಗುತ್ತ ಅಳುತ್ತ ಬರೆಯುತ್ತಿರುವಾಗ ನಾನು ಹಿತ್ತಲಿಗೆ ಹೋಗಿ ನಿಂತೆ. ಔರಾದಿನಲ್ಲಿ ನೀನು ನನಗೆಂದು ಹೂರಣ ರುಬ್ಬಿಟ್ಟಿದ್ದೆ ಎಂದು ಆಮೇಲೆ ಗೊತ್ತಾಯಿತು.

ಮುಂದಿನ ವಾರ ಪ್ರಸಾದ್ ರೌಟರ್ ಎಂಬ ಇನ್ನೊಂದು ಡಬ್ಬಿ ತಂದ. ಇದಕ್ಕೆ ಯಾರ ಕಂಪ್ಯೂಟರೂ ಚಾಲೂ ಇರಬೇಕಾಗಿಲ್ಲವಂತೆ. ‘ಇನ್ಮೇಲೆ ನಿಮ್ಗೆ ತೊಂದ್ರೆನೇ ಇಲ್ಲ ಸಾರ್, ಆರಾಮಾಗಿ ಓಡಾಡ್ಕೊಂಡಿರಿ’ ಎಂದು ಫೋನಿನ ಲೈನನ್ನೂ ಮಹಡಿಗೆ ಎಳೆಸಿ ಆ ಡಬ್ಬಿಯನ್ನು ಅಲ್ಲೇ ಇಟ್ಟುಕೊಂಡ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಈಗ ನನ್ನ ಮನೆಗೇ ಮೇಲಿಂದ ಒಂದು ವೈರು ಇಳಿದು ಬರುತ್ತದೆ. ಶಾಲಿನಿ ಬೆಳಿಗ್ಗೆ ಕರೆಯುವುದಿಲ್ಲ. ಲಾಸ್ಯಳಿಗೂ ಕಿಟಕಿಯ ಹತ್ತಿರ ಬರುವ ಕೆಲಸವಿಲ್ಲ, ಮದುವೆಯ ಸಡಗರ ಬೇರೆ. ನಾನು ಎದ್ದ ಕೂಡಲೇ ಅಭ್ಯಾಸಬಲದಿಂದ ಕಂಪ್ಯೂಟರ್ ಹಚ್ಚುತ್ತೇನೆ. ಕೆಲಸವಿಲ್ಲದ ದಿನವೂ.

ಮೊನ್ನೆ ಶುಕ್ರವಾರ ಬೆಳಿಗ್ಗೆಯಿಂದ ನನಗೆ ನೆಟ್ ಇರಲಿಲ್ಲ. ಅಳಿಲು ವೈರು ಕಡಿದಿತ್ತು. ಯಾರಾದರೂ ಬಂದು ಕೇಳಬಹುದು ಎಂದು ಸುಮ್ಮನೆ ಕೂತಿದ್ದೆ. ಉಳಿದ ಮನೆಗಳಲ್ಲಿ ಚೆನ್ನಾಗಿಯೇ ಇತ್ತು, ಯಾರೇಕೆ ಕೇಳುತ್ತಾರೆ? ಸಂಜೆ ಮೇಲೆ ಹೋದಾಗ ಶಾಲಿನಿ ಬೆಟ್ಟದ ಗುಡಿಯಿಂದ ಆಗತಾನೇ ಬಂದು ದೇವಿಯ ಪ್ರಸಾದದ ಪೊಟ್ಟಣ ಬಿಚ್ಚುತ್ತಿದ್ದಳು. ‘ಅಯ್ಯೋ ಅಂಕಲ್, ನೀವಿಲ್ಲೇ ಇದ್ರಾ? ಆಂಟಿ ಹತ್ರ ಹೋಗಿದ್ದೀರ ಅಂತ ಅಂದ್ಕೊಂಡಿದ್ವಿ’ ಅಂದಳು. ತಪ್ಪೇನೂ ಅನ್ನಲಿಲ್ಲ. ಒಂದು ತೊನ್ನೆ ಸಿಹಿ ಪೊಂಗಲ್ ಕೊಟ್ಟಳು, ಕೆಳಗೆ ಬಂದು ತಿಂದೆ. ನಿಂತುಕೊಂಡೇ ತಿಂದೆ. ನಾನು ಇಲ್ಲಿಲ್ಲವೆಂದು ಅವರೆಲ್ಲ ಎಷ್ಟು ಸಹಜವಾಗಿ ಅಂದುಕೊಂಡಿದ್ದರಲ್ಲ, ಅದೇ ನೆನಪಾಗುತ್ತಿತ್ತು.

ಶ್ರಾವಣದಲ್ಲಿ ನಂಜನಗೂಡಿನಲ್ಲಿ ಲಾಸ್ಯಳ ಮದುವೆ. ನಿನ್ನ ಹೆಸರೂ ಬರೆದ ಲಗ್ನಪತ್ರಿಕೆ ಬಂದಿದೆ. ದೇವಿರಮ್ಮನವರು ‘ಅಮ್ಮಾವ್ರು ಬರ್ಲೇಬೇಕು’ ಅಂದಿದ್ದಾರೆ. ರಜೆ ಸಿಕ್ಕಿದರೆ ನೋಡು. ಮಂಡಿಗೆ ಎಳ್ಳೆಣ್ಣೆ ಕಾಯಿಸಿ ಹಚ್ಚು, ಮೆಟ್ಟಿಲು ಕಡಿಮೆ ಹತ್ತು. ನಿನ್ನ ಸಹೋದ್ಯೋಗಿಗಳಿಗೆ ನನ್ನ ಶರಣು ತಿಳಿಸು. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ,
ಮೃತ್ಯುಂಜಯ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಲಾಸ್ಯಳ ಮದುವೆ ಮುಗಿದ ಮೇಲೆ ನಾನೇ ಅಲ್ಲಿಗೆ ಬರಬೇಕೆಂದಿದ್ದೇನೆ. ನಾಲ್ಕು ದಿನಕ್ಕಲ್ಲ, ನೀನು ನಿವೃತ್ತಳಾಗುವವರೆಗೆ. ಕಂಪ್ಯೂಟರನ್ನೂ ಕಟ್ಟಿ ತರುತ್ತೇನೆ. ಪ್ರೆಸ್ಸಿನವರನ್ನು ಕೇಳಿದೆ, ಪುಟಗಳು ಎಲ್ಲಿಂದ ಬಂದರೇನು ಅಂದರು. ಅಲ್ಲಿ ನೆಟ್ ಇಲ್ಲದಿದ್ದರೆ ವಾರಕ್ಕೊಮ್ಮೆ ಬೀದರಿಗೆ ಹೋಗಿ ಕಳಿಸುತ್ತೇನೆ. ನಿನ್ನ ಕೋಣೆಯಲ್ಲಿ ಒಂದು ಮೇಜು ಹಿಡಿಸುವಷ್ಟು ಜಾಗ ಇದೆಯೇ? ನೋಡಿ ಬೇಗ ತಿಳಿಸು.