ಹಳೆಯ ಗೇರ್‌ಬಾಕ್ಸ್ ಇಳಿಸಿದ ಮೇಲೆ

ಮನೆಯಿಂದ,
ಹದಿನೇಳನೇ ತಾರೀಕು, ಬುಧವಾರ ಬೆಳಿಗ್ಗೆ

ನಮ್ಮ ಹುಡುಗನ ಅಮ್ಮನಿಗೆ,

ನಿನ್ನ ಮಂಡಿನೋವು ಹೇಗಿದೆ? ನಿನ್ನಕ್ಕನ ಮನೆಯ ಮೆಟ್ಟಿಲು ಬಹಳ ಕಡಿದು. ಇಳಿಯುವಾಗ ಕಂಬಿ ಹಿಡಿದುಕೋ. ಅತ್ತಿಗೆಯ ರಕ್ತದೊತ್ತಡ ಹತೋಟಿಗೆ ಬಂದಿತೇ? ನಾನು ಆರೋಗ್ಯವಾಗಿದ್ದೇನೆ. ಅಡುಗೆ ಮಾಡಿಕೊಳ್ಳುತ್ತೇನೆ, ತಳ ಹಿಡಿಯುವುದು ಮಾತ್ರ ಇನ್ನೂ ನಿಂತಿಲ್ಲ.

ಇನ್ನು ಸುದ್ದಿ. ಪಿಕಪ್ಪಿನ ನಾಲ್ಕು ಗೇರಿನ ಹಳೆಯ ಗೇರ್‌ಬಾಕ್ಸ್ ಇಳಿಸಿ ಐದು ಗೇರಿನದನ್ನು ಹಾಕಿಸಿದೆ. ಆರು ವರ್ಷ ನಮ್ಮ ಹುಡುಗ ಕೇಳಿದ್ದೂ ಅದನ್ನೇ: “ಅಪ್ಪಾ, ಹೈವೇಲಿ ಇಂಜಿನ್ನು ಬಾಯಿ ಬಡ್ಕೊಳ್ಳುತ್ತೆ, ಇನ್ನೊಂದು ಗೇರು ಬೇಕೇ ಬೇಕು.” ಓಡುವ ಗಾಡಿಯ ಹೊಟ್ಟೆ ಕೊಯ್ಯಬಾರದೆಂದು ವಾದಿಸಿ ಪ್ರತಿಸಲವೂ ಅವನ ಬಾಯಿ ಮುಚ್ಚಿಸಿದೆ. ಅವನ ಆಸೆ ತೀರಿಸಲೆಂದೇ ಈಗ ಹಾಕಿಸಿದೆನೆಂದು ಬರೆದರೆ ಓದಲು ಹಿತವಾಗಿರುತ್ತದೆ. ಆದರೆ ಹಾಕಿಸಿದ್ದು ನೀನು ಮನೆಗೆ ಮರಳಲಿ ಎಂದು.

ಗೋದಾಮಿನಲ್ಲಿ ಸರಕು ಇಳಿಸುತ್ತಿದ್ದ ಮಗ ಎದೆ ಹಿಡಿದು ಕುಸಿದು ಮತ್ತೆ ಏಳದ ದಿನ, ಪಿಕಪ್ಪನ್ನು ತಂದು ಶೆಡ್ಡಿಗೆ ಬಿಟ್ಟವನು ಬೇರೊಬ್ಬ ಡ್ರೈವರ್. ಆಮೇಲೆ ಅದರ ಬೀಗದ ಕೈ ನನ್ನ ಮೇಜಿನಲ್ಲೇ ಇತ್ತು. ಆದರೂ ದಿನಾ ಅವನು ಮನೆಗೆ ಬರುತ್ತಿದ್ದ ಹೊತ್ತಿಗೇ, ಸಂಜೆ ಆರಕ್ಕೆ ಹತ್ತು ನಿಮಿಷವಿರುವಾಗ, ನೀರಿನ ಟ್ಯಾಂಕಿನ ತಿರುವಿನಲ್ಲಿ ಅದರ ಮೂರನೇ ಗೇರಿನ ಕೊರಗು ಕೇಳಿಸುತ್ತದೆ ಎಂದು ನೀನು ಹೇಳಿದೆ. ಎರಡಕ್ಕೆ ಇಳಿಸುವ ಮೊದಲು ಅವನು ಕೊಡುತ್ತಿದ್ದ ಅರೆಗಳಿಗೆಯ ಬಿಡುವೂ ಕೇಳಿಸುತ್ತದೆ, ಅಲ್ಲಿಗೆ ಸದ್ದು ನಿಂತುಬಿಡುತ್ತದೆ ಎಂದೆ. ನಾನು ಎದುರಿಗೆ ಕುರ್ಚಿ ಎಳೆದು ಕುಳಿತು, ಕಾಲೇಜಿನ ಚರ್ಚಾಸ್ಪರ್ಧೆಯ ಎದುರಾಳಿಯನ್ನು ಖಂಡಿಸುವಂತೆ ನಿನ್ನನ್ನು ಖಂಡಿಸಿದೆ. ದುಃಖದ ಕಿವಿ ಸಾಕ್ಷಿಯಾಗಲಾರದು ಎಂದೆ. ಪಕ್ಕದ ಮನೆಯವರನ್ನು ಕರೆಸಿ, ಏನೂ ಕೇಳಿಸಿಲ್ಲವೆಂದು ಅವರಿಂದಲೂ ಹೇಳಿಸಿದೆ. “ನೀವೇ ಗೆದ್ರಿ ಬಿಡಿ. ಕಪ್ಪು ತಗೊಂಡು ಶೋಕೇಸಲ್ಲಿ ಇಟ್ಕೊಳ್ಳಿ” ಎಂದು ನೀನು ಬ್ಯಾಗಿಗೆ ಸೀರೆ ತುರುಕಿದೆ.

ಮೆಕ್ಯಾನಿಕ್ ಮೂರು ದಿನ ಶೆಡ್ಡಿನಲ್ಲೇ ಕೆಲಸ ಮಾಡಿದ. ಹೊಸದು ಉದ್ದವಾದ್ದರಿಂದ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ನಾಲ್ಕು ಬೆರಳಿನಷ್ಟು ಕತ್ತರಿಸಿ ಬೆಸೆದ. ಲಿವರಿಗೆಂದು ನೆಲದ ತಗಡಿನಲ್ಲಿ ಹೊಸ ತೂತು ಕೊರೆದ. ಹಳೆಯದನ್ನು ಬಿಚ್ಚಿ ಮೂರನೇ ಗೇರನ್ನು ನನ್ನ ಮುಂದೆ ಹಿಡಿದ: “ನೋಡಿ ಯಜಮಾನ್ರೇ, ನಮ್ಮಜ್ಜಿ ಬಾಯಲ್ಲೂ ಇದಕ್ಕಿಂತ ನೆಟ್ಟಗಿದ್ದ ಹಲ್ಲು ಇದ್ವು. ಇಷ್ಟು ದಿನ ಅಳ್ತಾ ಇದ್ದಿದ್ದು ಇದೇ.” ಎಣ್ಣೆ ಬಸಿಸಿ, ಮತ್ತೆ ಮುಚ್ಚಿಸಿ, ಅದನ್ನು ಮೂಲೆಯಲ್ಲಿ ಗೋಣಿಯ ಮೇಲೆ ಬೋರಲು ಹಾಕಿಸಿದೆ. ಹೊಸದನ್ನು ಓಡಿಸಿ ನೋಡಿದೆವು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ. ಐದನೆಯದಕ್ಕೆ ಹಾಕಿದಾಗ ನನ್ನ ಉಸಿರು ನನಗೇ ಕೇಳಿಸಿತು.

ಸದ್ದಿನ ಮೂಲವೇ ಹೋದ ಮೇಲೆ ನೀನು ಬಾರದಿರಲು ಕಾರಣ ಉಳಿದಿಲ್ಲ. ಅತ್ತಿಗೆಗೂ ಷಡ್ಡಕರಿಗೂ ನನ್ನ ನಮಸ್ಕಾರ ತಿಳಿಸು. ಮಾತ್ರೆ ತಪ್ಪಿಸಬೇಡ.

ನಿನ್ನ ಕ್ಷೇಮ ಬಯಸುವ,
ಅವನ ಅಪ್ಪ

ತಾ.ಕ.: ಅಂಟಿಸಿದ್ದ ಲಕೋಟೆಯನ್ನು ಹರಿದು ಇಷ್ಟನ್ನು ಸೇರಿಸುತ್ತಿದ್ದೇನೆ. ಹಳೆಯದನ್ನು ಇಳಿಸಿದ ಮೊದಲ ಸಂಜೆ, ಹೊಸದನ್ನು ಇನ್ನೂ ಏರಿಸಿರಲಿಲ್ಲ, ಆ ಕಬ್ಬಿಣದ ಮೇಲೆ ಅಂಗೈ ಊರಿ ಕುಳಿತಿದ್ದೆ. ಅದು ತಣ್ಣಗಿತ್ತು, ಅಲುಗಲಿಲ್ಲ. ತಿರುವಿನಲ್ಲಿ ಸದ್ದು ಬಂತು. ನಿಜ ಹೇಳುತ್ತೇನೆ: ನೀನು ಬಾಯಿ ಬಿಡುವ ಮೊದಲೇ, ಮೊದಲ ವಾರದಿಂದಲೂ, ಅದು ನನಗೂ ಕೇಳಿಸುತ್ತಿತ್ತು. ಕೇಳಿಸುತ್ತಿದ್ದರೂ ವಾದಿಸಿದೆ, ಒಪ್ಪಿದ್ದರೆ ಎದ್ದು ಹೋಗಿ ನೋಡಬೇಕಾಗುತ್ತಿತ್ತು. ಕ್ಷಮಿಸು. ಈಗ ಅದು ತಿರುವಿನಲ್ಲಿ ನಿಲ್ಲುವುದಿಲ್ಲ, ದಿನಕ್ಕೆರಡು ಮನೆಯಷ್ಟು ಮುಂದೆ ಬರುತ್ತಿದೆ. ನಿನ್ನೆ ನಮ್ಮ ಗೇಟಿನ ಎದುರಿಗೆ ಬಂದು ನ್ಯೂಟ್ರಲ್ಲಿಗೆ ಬಿತ್ತು. ಇಂಜಿನ್ ಆರಲಿಲ್ಲ, ಕಾಯುತ್ತಿತ್ತು. ಪಿಕಪ್ ಶೆಡ್ಡಿನಲ್ಲೇ ಇತ್ತು. ಗೇಟಿನ ಚಿಲಕದ ಮೇಲೆ ಕೈಯಿಟ್ಟೆ, ತೆಗೆಯಲಾಗಲಿಲ್ಲ. ಕಾಗದ ಸೇರಿದ ದಿನವೇ ಬಸ್ಸು ಹತ್ತು, ಸಂಜೆ ಆರಕ್ಕೆ ಮೊದಲೇ ಬಂದುಬಿಡು. ಗೇಟನ್ನು ನೀನು ತೆಗೆ. ನಾನು ನಿನ್ನ ಹಿಂದೆ ನಿಂತಿರುತ್ತೇನೆ.