ಕಾಲುಚೀಲದೊಳಗಿನ ಬಾಟಲಿ

ಮಾರ್ಚ್ 11, ಮಂಗಳವಾರ

ನನ್ನ ಮುದ್ದು ಅಕ್ಕಾ,

ಬೈಯುವುದನ್ನೆಲ್ಲ ಮೊದಲು ಬೈದು ಮುಗಿಸು, ಆಮೇಲೆ ಓದು. ವಾರವಾರ ಬರೆಯುತ್ತೇನೆ ಎಂದು ಮದುವೆಯ ದಿನ ನಿನ್ನ ಕೈ ಹಿಡಿದು ಹೇಳಿದವಳು ಇಷ್ಟು ದಿನ ಒಂದು ಸಾಲೂ ಗೀಚಲಿಲ್ಲ. ತಪ್ಪು ನನ್ನದೇ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಆ ಕಾಟವಿಲ್ಲ. ಇಂಗ್ಲಿಷ್ ಶಾಲೆಯವಳ ಕನ್ನಡ, ಒತ್ತಕ್ಷರ ಎಲ್ಲಾದರೂ ಜಾರಿ ಬಿದ್ದಿದ್ದರೆ ನೀನೇ ಎತ್ತಿ ಕೂರಿಸಿಕೊಂಡು ಓದು.

ಸುಖವಾಗಿದ್ದೇನೆ. ಬರೀ ಸುಖವಲ್ಲ, ನಾಚಿಕೆಗೆಟ್ಟ ಸುಖ! ನೀನು ಜಿರಾಫೆ ಎಂದು ಹೆಸರಿಟ್ಟೆಯಲ್ಲ ನನ್ನ ಗಂಡನಿಗೆ, ಆ ಜಿರಾಫೆ ದಿನಾ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಹಣೆ ತಗುಲಿಸಿಕೊಂಡು ನನಗೆ ಕಾಫಿ ತಂದುಕೊಡುತ್ತಾನೆ. ಕನ್ನಡಕದ ಅಂಗಡಿಯಲ್ಲಿ ಕೆಲಸವೂ ಸಿಕ್ಕಿದೆ. ಇಲ್ಲೂ ಅದೇ ಕತ್ತಲೆ ಕೋಣೆ. ಬಂದವರ ಕಣ್ಣ ಮುಂದೆ ಗಾಜು ಬದಲಾಯಿಸುತ್ತಾ ದಿನವಿಡೀ ಅದೇ ಪ್ರಶ್ನೆ: "ಇದು ಸ್ಪಷ್ಟವೋ? ಇದೋ?"

ಈಗ ಸುದ್ದಿ. ಅಕ್ಕ, ನಿನ್ನ ತಂಗಿ ಒಳ್ಳೆಯ ವೈನ್ ಆರಿಸುವುದನ್ನು ಕಲಿತಿದ್ದಾಳೆ. ಎದೆ ಹಿಡಿದುಕೊಳ್ಳಬೇಡ. "ಕುಡಿಯೋರ ಮನೆಗೆ ಹೋಗ್ತಿದ್ದೀಯಲ್ಲೇ" ಎಂದು ನೀನು ಮೊದಲೇ ರಾಗ ಎಳೆದಿದ್ದೆ. ಹೌದು, ಬಂದೆ. ಊಟದ ಜೊತೆ ಒಂದು ಲೋಟ ಕುಡಿಯುತ್ತೇನೆ. ತೂರಾಡುವುದಿಲ್ಲ, ಕದ್ದು ಕುಡಿಯುವುದೂ ಇಲ್ಲ. ನಿನಗೆ ಹೇಳದೆ ಇಟ್ಟುಕೊಂಡರೆ ಹೊಟ್ಟೆ ಉಬ್ಬುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಭಾನುವಾರ ಎಲ್ಲರೂ ಸೇರುವ ಮಾವನ ಮನೆಯಲ್ಲೊಂದು ಪದ್ಧತಿ ಇದೆ. ಭಾನುವಾರದ ಊಟಕ್ಕೆ ಸರದಿಯ ಪ್ರಕಾರ ಒಬ್ಬೊಬ್ಬರು ಬಾಟಲಿ ತರಬೇಕು. ಲೇಬಲ್ ಯಾರಿಗೂ ಕಾಣದ ಹಾಗೆ ಅದಕ್ಕೆ ಮಾವನ ಉಣ್ಣೆಯ ಕಾಲುಚೀಲ ತೊಡಿಸುತ್ತಾರೆ. ನಗಬೇಡ, ಒಗೆದದ್ದೇ! ಎಲ್ಲರೂ ಕುಡಿದು ಅಭಿಪ್ರಾಯ ಹೇಳುವವರೆಗೆ ತಂದವರು ತುಟಿ ಬಿಚ್ಚುವಂತಿಲ್ಲ. ಮಾವ ಹಲ್ಲಿನ ಡಾಕ್ಟರು. ಯಾರು ಬಾಯಿ ತೆರೆದರೂ ಒಳಗೆ ಇಣುಕಿ ನೋಡುವ ಅಭ್ಯಾಸ. ವೈನ್ ವಿಷಯದಲ್ಲಿ ಅವರ ಮಾತೇ ಕೊನೆ.

ನನ್ನ ಮೊದಲ ಸರದಿ ಬಂದಾಗ ನಾನು ಏನು ಮಾಡಿದೆ ಗೊತ್ತಾ? ಬಾಟಲಿಯ ತಳದ ಗುಳಿ ಆಳವಾದಷ್ಟೂ ವೈನ್ ಒಳ್ಳೆಯದು ಎಂದು ಕೆಲಸದಲ್ಲಿ ಯಾರೋ ಅಂದಿದ್ದರು. ಅಂಗಡಿಯಲ್ಲಿ ಕಂಡ ಬಾಟಲಿಯ ತಳಕ್ಕೆಲ್ಲ ಹೆಬ್ಬೆರಳು ತೂರಿಸಿ ನೋಡಿದೆ! ಕೊನೆಗೆ ತಂದದ್ದು ಭಾರೀ ಬಾಟಲಿ, ಮೇಲೆ ಚಿನ್ನದ ಕುದುರೆ, ಒಳಗೆ ಸಕ್ಕರೆ ಪಾಕ. ಊಟಕ್ಕೆ ಇದ್ದದ್ದು ಬೇಯಿಸಿದ ಮೀನು.

ಮಾವ ಒಂದು ಗುಟುಕು ಕುಡಿದು, "ಕೆಮ್ಮು ಇದ್ದೋರಿಗೆ ಒಳ್ಳೇದು. ಮಲಗೋ ಮುಂಚೆ ಎರಡು ಚಮಚ" ಎಂದರು.

ವಕೀಲೆಯಾಗಿರುವ ನಾದಿನಿ ಕಾಲುಚೀಲ ಎಳೆದು ನೋಡಿ, "ಅತ್ತಿಗೆ, ಕುದುರೆ ಮಾತ್ರ ಸೂಪರ್" ಎಂದಳು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಆದರೆ ಮನಸ್ಸಿನಲ್ಲೇ ಅಂದುಕೊಂಡೆ: ಇರಿ, ನನ್ನ ಸರದಿ ಮತ್ತೆ ಬರುತ್ತದಲ್ಲ.

ಮರುದಿನವೇ ಕೆಲಸ ಮುಗಿಸಿ ನಮ್ಮ ಬೀದಿಯ ಮೂಲೆಯ ವೈನ್ ಅಂಗಡಿಗೆ ನುಗ್ಗಿದೆ. ಒಡತಿ ಗಡಸು ಹೆಂಗಸು. "ಯಾವುದು ಒಳ್ಳೇದು?" ಎಂದದ್ದೇ ತಡ, ಉರಿದು ಬಿದ್ದಳು. "ಯಾತಕ್ಕೆ ಒಳ್ಳೇದು? ಊಟಕ್ಕೆ ಏನು, ಎಷ್ಟರೊಳಗೆ ಬೇಕು, ಹಿಂದೆ ಕುಡಿದದ್ದರಲ್ಲಿ ಯಾವುದು ಹಿಡಿಸಲಿಲ್ಲ? ಇಷ್ಟು ಹೇಳದೆ ಒಳ್ಳೇದು ಕೊಡಿ ಅಂದ್ರೆ ನಾನೇನು ಕಣಿ ಹೇಳ್ಲಾ?"

ನಾನೂ ಬಿಡಲಿಲ್ಲ. "ಕುದುರೆ ಇರೋದು ಬೇಡ. ಸಿಹಿ ಬೇಡ. ಮೀನಿಗೆ ಬೇಕು. ಮಾವನ ಬಾಯಿ ಮುಚ್ಚಿಸಬೇಕು" ಎಂದೆ. ಅವಳಿಗೆ ನಗು ಬಂತು. ಅಲ್ಲಿಂದ ನಮ್ಮ ಸ್ನೇಹ.

ಬಾಟಲಿ ಒಂದೊಂದೇ ಕುಡಿದರೆ ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಹೊಳೆಯಿತು, ಇದೂ ನನ್ನ ಕತ್ತಲೆ ಕೋಣೆಯ ಕೆಲಸವೇ! ಎರಡು ಲೋಟ ಅಕ್ಕಪಕ್ಕ ಇಟ್ಟುಕೊಂಡು ಇದೋ, ಇದೋ ಎಂದು ಕೇಳಿಕೊಂಡೆ. ಆಗ ಪರದೆ ಸರಿದ ಹಾಗಾಯಿತು, ಅಕ್ಕ. ಕೆಂಪು ವೈನಿನಲ್ಲಿ ಕೆಲವು, ಹೆಚ್ಚು ಹೊತ್ತು ಕುದಿಸಿದ ಚಹಾದ ಹಾಗೆ ನಾಲಿಗೆಯನ್ನು ಒಣಗಿಸಿ ಒರಟು ಮಾಡುತ್ತವೆ. ಹುಳಿ ಇರುವ ಬಿಳಿ ವೈನ್ ಕುಡಿದರೆ ದವಡೆಯ ಸಂದಿಯಲ್ಲಿ ಜೊಲ್ಲು ಚಿಮ್ಮುತ್ತದೆ. ಅಂಥದ್ದು ಮೀನಿಗೆ ನಿಂಬೆ ಹಿಂಡಿದ ಹಾಗೆ. ಬಿಳಿಯದ್ದನ್ನು ಫ್ರಿಜ್ಜಿನಲ್ಲಿ ಮರಗಟ್ಟಿಸಿದರೆ ವಾಸನೆಯೇ ಸತ್ತುಹೋಗುತ್ತದೆ. ತಿರುಪಿನ ಮುಚ್ಚಳ ಇದ್ದರೆ ಕೀಳು ಎಂಬುದು ಸುಳ್ಳು. ಬಿಸಿಲು ಬೀಳುವ ಕಿಟಕಿಯಲ್ಲಿ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿರುವ ಅಂಗಡಿಯಿಂದ ಮಾತ್ರ ಓಡಿಹೋಗು. (ನೀನು ಹೇಗೂ ಓಡಿಹೋಗುತ್ತೀಯ.) ಒಡತಿ ಕೊಂಡಾಡಿ ಕೊಟ್ಟದ್ದೊಂದು ನನಗೆ ಸೇರಲಿಲ್ಲ. ಒದ್ದೆ ಮರದ ವಾಸನೆ ಎಂದು ಮುಖದ ಮೇಲೇ ಹೇಳಿದೆ. "ಅದನ್ನ ಹೇಳೋಕೆ ಬಂತಲ್ಲ, ಇನ್ನು ನಿನಗೆ ನಾನು ಬೇಡ" ಎಂದಳು.

ಕೊನೆಗೆ ನಾನೇ ಆರಿಸಿದೆ. ಹೆಸರೇ ಕೇಳಿರದ ಯಾವುದೋ ಗುಡ್ಡದ ಬಿಳಿ ವೈನ್, ತಿರುಪಿನ ಮುಚ್ಚಳ, ಪೆದ್ದು ಲೇಬಲ್. ಒಂದೇ ಬಗೆಯ ಎರಡು ಬಾಟಲಿ ತಂದು ಒಂದನ್ನು ಮನೆಯಲ್ಲಿ ತೆರೆದೆ. ಹಸಿರು ಸೇಬು ಕಚ್ಚಿದ ಹಾಗಿತ್ತು, ಕೊನೆಯಲ್ಲಿ ಚೂರೇ ಚೂರು ಉಪ್ಪು. ಒಬ್ಬಳೇ ಮೇಜಿನ ಮುಂದೆ ನಿಂತು ಕುಣಿದೆ! ಇನ್ನೊಂದು ಬಾಟಲಿ ಮೊನ್ನೆ ಭಾನುವಾರ ಮಾವನ ಮನೆಗೆ ಹೋಯಿತು.

ಊಟಕ್ಕೆ ಮತ್ತೆ ಮೀನು. ಬಾಟಲಿ ತೆರೆದು ಕಾಲುಚೀಲ ತೊಡಿಸಿ ತರುವುದು ಜಿರಾಫೆಯ ಕೆಲಸ. ತಂದ, ಎಲ್ಲರಿಗೂ ಸುರಿದ. ಮಾವ ಲೋಟದೊಳಗೆ ಮೂಗಿಳಿಸಿದರು, ಬಾಯಿ ತುಂಬ ಉರುಳಿಸಿದರು, ಕಣ್ಣು ಮುಚ್ಚಿದರು.

"ಬೆಣ್ಣೆ," ಎಂದರು. "ಬಾದಾಮಿ. ಆಹಾ! ಸೊಸೆ ಪಾಸು. ಫಸ್ಟ್ ಕ್ಲಾಸು."

ನಾದಿನಿ ಚಪ್ಪಾಳೆ ತಟ್ಟಿದಳು. ನಾನು ಹಿಗ್ಗಿ ಹೀರೇಕಾಯಿಯಾಗಿ ಲೋಟ ಎತ್ತಿದೆ. ಒಂದು ಗುಟುಕು. ದವಡೆಯಲ್ಲಿ ಜೊಲ್ಲಿಲ್ಲ. ಸೇಬಿಲ್ಲ, ಉಪ್ಪಿಲ್ಲ. ನುಣ್ಣಗೆ, ದಪ್ಪಗೆ, ಅದೇ ಮರದ ವಾಸನೆ.

ಅಕ್ಕ, ಸುಮ್ಮನಿರಬಹುದಿತ್ತು. ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದರು, ಈ ಸಲ ಪ್ರೀತಿಯಿಂದ. ಆ ನಗುವಿಗಾಗಿಯೇ ಅಲ್ಲವೇ ಇಷ್ಟೆಲ್ಲ ಒದ್ದಾಡಿದ್ದು? ಆದರೆ ಅದು ನನಗೆ ಸಲ್ಲಬೇಕಾದ ನಗುವಾಗಿರಲಿಲ್ಲ. ಲೋಟ ಕೆಳಗಿಟ್ಟೆ.

"ಇದು ನಾನು ತಂದದ್ದಲ್ಲ."

"ತಂದವರು ಮಾತಾಡೋ ಹಾಗಿಲ್ಲ" ಎಂದರು ಮಾವ.

"ಅದಕ್ಕೇ ಮಾತಾಡ್ತಿದ್ದೀನಿ ಮಾವ. ಇದನ್ನ ತಂದವಳು ನಾನಲ್ಲ."

"ಅಯ್ಯೋ ಅತ್ತಿಗೆ, ಹೊಗಳಿದ್ರೂ ಜಗಳಾನಾ?" ಎಂದಳು ನಾದಿನಿ.

ನಾನೇ ಕಾಲುಚೀಲ ಎಳೆದೆ. ಮಾವನಿಗೆ ಅಚ್ಚುಮೆಚ್ಚಿನ ದುಬಾರಿ ಬಾಟಲಿ. ಜಿರಾಫೆಯ ಕಿವಿ ಕೆಂಪಗಾಗಿತ್ತು. "ನಂದೆಲ್ಲಿ?" ಎಂದೆ. ಅವನು ಅಡುಗೆಮನೆಯ ಕಡೆ ನೋಡಿದ. ಅಲ್ಲಿ ಅವನ ಚೀಲದೊಳಗೆ, ಅವನದೇ ಸ್ವೆಟರಿನಲ್ಲಿ ಸುತ್ತಿಕೊಂಡು ಮಲಗಿತ್ತು ಪಾಪ. ತಂದು ಎಲ್ಲರ ಮುಂದೆ ಮುಚ್ಚಳ ತಿರುಪಿದೆ, ಬೇರೆ ಲೋಟಗಳಿಗೆ ಸುರಿದೆ. ಎರಡೂ ಅಕ್ಕಪಕ್ಕ.

"ಈಗ ಹೇಳಿ ಮಾವ. ಇದೋ, ಇದೋ?"

ಅವರು ನನ್ನದನ್ನು ಕುಡಿದು ಮುಖ ಹಿಂಡಿದರು. "ಹುಳಿ. ನನಗೆ ಹಿಡಿಸಲಿಲ್ಲ."

"ಹಿಡಿಸದಿದ್ರೂ ಪರವಾಗಿಲ್ಲ. ಬಯ್ಯೋದಾದ್ರೆ ಇದನ್ನ ಬಯ್ಯಿ, ಇದು ನಂದು."

ಆಗ ಅತ್ತೆ, ಊಟದ ಹೊತ್ತಿನಲ್ಲಿ ಉಪ್ಪು ಕೊಡಿ ಎಂಬುದರ ಆಚೆ ಮಾತಾಡದ ನನ್ನ ಅತ್ತೆ, ಖಾಲಿ ಲೋಟ ನನ್ನ ಕಡೆ ಚಾಚಿದರು. "ನನಗೆ ಇನ್ನೊಂದು ಸ್ವಲ್ಪ ಹಾಕಮ್ಮ. ಆ ಬೆಣ್ಣೆ ನನಗೆ ಯಾವತ್ತೂ ಸೇರಿದ್ದಿಲ್ಲ."

ಮಾವ ಹೆಂಡತಿಯನ್ನೇ ಹೊಸದಾಗಿ ನೋಡುವವರ ಹಾಗೆ ನೋಡಿದರು! "ಮೊದಲೇ ಹೇಳಬಾರದಿತ್ತಾ?" ಎಂದರು. "ನೀವು ಕೇಳಿದ್ರೆ ತಾನೆ?" ಎಂದರು ಅತ್ತೆ, ಮೀನಿನ ಮುಳ್ಳು ಬಿಡಿಸುತ್ತಾ. ನಾದಿನಿ ನಗು ತಡೆಯಲಾರದೆ ಎದ್ದು ಹೋದಳು.

ಜಿರಾಫೆ ಮಾಡಿದ್ದು ನನ್ನ ಮೇಲಿನ ಪ್ರೀತಿಗೆ. ಮತ್ತೆ ನನ್ನನ್ನು ಆಡಿಕೊಂಡಾರು ಎಂಬ ಹೆದರಿಕೆಗೆ. ಎಲ್ಲರೂ ಹಾಗೇ ಅಂದರು, ನಾನೂ ಹೂಂ ಅಂದೆ. ನನ್ನ ಮುಂದಿನ ಸರದಿಗೆ ಇದಕ್ಕಿಂತ ಹುಳಿಯದ್ದು ತರುತ್ತೇನೆ, ಬೇಕಾದರೆ ಬರೆದಿಟ್ಟುಕೋ.

ನಿನ್ನ ಮೊಣಕಾಲು ನೋವು ಹೇಗಿದೆ? ಭಾವ ಗೊರಕೆ ನಿಲ್ಲಿಸಿದರಾ? ಪುಟ್ಟಿಯ ಕೆನ್ನೆಗೆ ನನ್ನ ಪರವಾಗಿ ಮುತ್ತಿನ ಮಳೆ ಸುರಿಸು. ನನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ತಲೆಯ ಮೇಲೆ ಕೈ ಇಡು ಅಕ್ಕ, ಇಷ್ಟು ದೂರದಿಂದಲೂ ಅದರ ಬಿಸಿ ನನಗೆ ತಟ್ಟುತ್ತದೆ. ನೀವೆಲ್ಲ ತಣ್ಣಗಿರಿ.

ಇಂತು ನಿನ್ನ ಬಾಯಿಬಡುಕಿ,
ವಟವಟ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲೋ ಬೇಡವೋ ಎಂದು ಪೆನ್ನು ಕಚ್ಚುತ್ತಾ ಕುಳಿತಿದ್ದೆ. ಮನೆಗೆ ಬರುವಾಗ ಬಸ್ಸಿನಲ್ಲಿ ಜಿರಾಫೆಯನ್ನು ಕೇಳಿದೆ, "ನಂದು ಅಷ್ಟು ಕೆಟ್ಟದಾಗಿತ್ತಾ?" ಅವನು ಕಿಟಕಿಯ ಹೊರಗೆ ನೋಡುತ್ತಾ, "ನಾನೆಲ್ಲಿ ಕುಡಿದು ನೋಡ್ದೆ? ನೀನು ಆರಿಸಿದ್ದು ಅಂದ್ಮೇಲೆ ಯಾಕೆ ರಿಸ್ಕು ಅಂತ, ಅಷ್ಟೆ" ಎಂದ. ಆಮೇಲೆ ನನ್ನ ಕೈ ಹಿಡಿದುಕೊಂಡ. ನಾನೂ ಬಿಡಿಸಿಕೊಳ್ಳಲಿಲ್ಲ. ಆದರೆ ಅಕ್ಕ, ಮಾವ ಕುಡಿದು ನೋಡಿ ಬೇಡ ಅಂದರು. ಇವನು ನೋಡದೆಯೇ ಅಂದ.